ಚಿಕ್ಕಮ್ಮ ಸಂಬಳಕ್ಕೆ ಆಡಿದ ವರ್ಷ

ಆಗ ಉತ್ತರ ಸ್ವೀಡನ್ನಿನ ಲುಲೆಯೊದಲ್ಲಿ ಕನ್ನಡ ಕೇಳಬೇಕೆಂದರೆ ನಮ್ಮ ಮನೆಗೇ ಬರಬೇಕಿತ್ತು. ಅಪ್ಪ ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಿದ್ದರು. ನನಗೆ ಒಂಬತ್ತು ವರ್ಷ. ಅಮ್ಮನ ತಂಗಿ ವೀಣಾ ಚಿಕ್ಕಮ್ಮ ಓದಲು ಬಂದು ನಮ್ಮ ಜೊತೆಗೇ ಇದ್ದರು. ಮೈಸೂರಿನಲ್ಲಿ ಕಾಲೇಜು ತಂಡಕ್ಕೆ ಬ್ಯಾಸ್ಕೆಟ್‌ಬಾಲ್ ಆಡಿದವರು. ಅಪ್ಪನಿಗಿಂತ ಒಂದು ಗೇಣು ಎತ್ತರ. ಓದು ಮುಗಿಯುತ್ತಲೇ ಊರಿನ ಹೆಂಗಸರ ತಂಡ ಒಂದು ವರ್ಷದ ಮಟ್ಟಿಗೆ ಅವರನ್ನು ಸಂಬಳಕ್ಕೆ ಸೇರಿಸಿಕೊಂಡಿತು. ತಾತನಂತೂ ಫೋನಿನಲ್ಲಿ, "ಆಟ ಆಡೋಕೂ ಸಂಬಳ ಕೊಡ್ತಾರೇನಮ್ಮಾ?" ಅಂತ ಮತ್ತೆ ಮತ್ತೆ ಕೇಳುತ್ತಿದ್ದರು.

ಆದರೆ ಪಂದ್ಯಗಳು ಶುರುವಾದರೂ ಚಿಕ್ಕಮ್ಮ ಬೆಂಚು ಬಿಟ್ಟು ಏಳಲಿಲ್ಲ.

"ಇಲ್ಲಿ ಆಡೋರು ಮೈಮೇಲೆ ಬಂದು ತಳ್ಳಿದ್ರೆ ಬಿದ್ದೇ ಹೋಗ್ತೀನಿ ಅಕ್ಕ. ಹೀಗೇ ಆದ್ರೆ ಮುಂದಿನ ವರ್ಷ ಇಟ್ಕೊಳ್ಳಲ್ಲ," ಎಂದರು ಒಂದು ಸಂಜೆ.

ಅಮ್ಮ ಒಳಗಿಂದ ದಿಂಬು ತಂದರು. "ಏಳು, ನಾವು ತಳ್ತೀವಿ."

ಅಂದಿನಿಂದ ಸಾರಿನ ಒಗ್ಗರಣೆ ಘಮಘಮಿಸುವ ನಡುಮನೆಯೇ ಆಟದ ಅಂಗಳವಾಯಿತು. ಸೋಫಾ ಸರಿಸಿ ಚಿಕ್ಕಮ್ಮ ಚೆಂಡು ಹಿಡಿದು ನಿಂತರೆ, ಅಮ್ಮ ಮತ್ತು ನಾನು ದಿಂಬು ಅವಚಿಕೊಂಡು ಓಡಿಬಂದು ಡಿಕ್ಕಿ ಹೊಡೆಯುತ್ತಿದ್ದೆವು. ಅಪ್ಪ ತಟ್ಟೆ ಎತ್ತಿಕೊಂಡು ಅಡುಗೆಮನೆ ಸೇರುತ್ತಿದ್ದರು. ಮೊದಮೊದಲು ನಾನೊಬ್ಬಳೇ ಅವರನ್ನು ಕೆಡವುತ್ತಿದ್ದೆ. ಬರಬರುತ್ತಾ ಬೀಳುವವರು ನಾವೇ ಆದೆವು.

ಜನವರಿಯ ಒಂದು ಭಾನುವಾರ, ಪಂದ್ಯದ ನಡುವೆ ತಂಡದ ಮುಖ್ಯ ಆಟಗಾರ್ತಿಯ ಕಾಲು ಉಳುಕಿತು. ಕೋಚ್ ಚಿಕ್ಕಮ್ಮನನ್ನು ಕರೆದರು. ಒಳಗೆ ಹೋದ ಕೂಡಲೇ ಎದುರು ತಂಡದವಳೊಬ್ಬಳು ಭುಜದಿಂದ ಗುದ್ದಿ ಅವರನ್ನು ಕೆಡವಿದಳು. ಬಸ್ಸಿನಲ್ಲೂ ಕನ್ನಡವನ್ನು ಪಿಸುಮಾತಿನಲ್ಲೇ ಆಡುತ್ತಿದ್ದ ನಮ್ಮಮ್ಮ ಎದ್ದು ನಿಂತು, ಇಡೀ ಕ್ರೀಡಾಂಗಣಕ್ಕೆ ಕೇಳುವಂತೆ, "ಕಾಲು ಅಗಲ ಇಟ್ಟು ನಿಂತ್ಕೊಳೇ ವೀಣಾ. ಅವಳೂ ದಿಂಬೇ ಅಂದ್ಕೋ," ಎಂದು ಕೂಗಿದರು. ಜನ ತಿರುಗಿ ನೋಡಿದರು. ನಾನು ನಾಚಿಕೆಯಿಂದ ಸ್ವೀಡಿಷಿನಲ್ಲಿ, "ಕೂತ್ಕೋ ಅಮ್ಮ," ಎಂದು ಅವರ ಜಾಕೆಟ್ ಜಗ್ಗಿದೆ. ಚಿಕ್ಕಮ್ಮ ಮಾತ್ರ ನಗುತ್ತಾ ಎದ್ದರು. ಮತ್ತೆ ಅವಳು ತಳ್ಳಿದಾಗ ಅಲುಗಲಿಲ್ಲ. ತಿರುಗಿ, ನೆಗೆದು, ಚೆಂಡನ್ನು ಬುಟ್ಟಿಯೊಳಗೆ ಮೆಲ್ಲಗೆ ಬಿಟ್ಟರು. ಪಕ್ಕದಲ್ಲಿದ್ದ ಮುದುಕಿ ತನ್ನ ಫ್ಲಾಸ್ಕಿನ ಕಾಫಿ ಬಗ್ಗಿಸಿ ಅಮ್ಮನ ಕೈಗಿತ್ತಳು.

ಆಮೇಲೆ ಚಿಕ್ಕಮ್ಮ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಆದರೆ ಚಳಿಗಾಲ ಮುಗಿಯುವ ಮೊದಲೇ, ನೆಗೆದು ಇಳಿಯುವಾಗ ಮೊಣಕಾಲು ತಿರುಚಿಕೊಂಡಿತು. ಆಪರೇಷನ್ ಆಯಿತು. ಕೋಚ್ ಏಲಕ್ಕಿ ಬನ್ನು ಹಿಡಿದು ಮನೆಗೆ ಬಂದು, ಇನ್ನು ಆಡಿಸಲಾಗದು ಎಂದು ಮೆತ್ತಗೆ ಹೇಳಿಹೋದರು.

"ಇಷ್ಟೇನಾ ಅಕ್ಕ?" ಎಂದರು ಚಿಕ್ಕಮ್ಮ. ಅಮ್ಮ ಅವರ ತಲೆ ಸವರುತ್ತಾ ಕೂತರು.

ಈಗ ಚಿಕ್ಕಮ್ಮ ದೇಶದ ಇನ್ನೊಂದು ತುದಿ ಕಾರ್ಲ್‌ಸ್ಕ್ರೂನಾದಲ್ಲಿ ಟೆಲಿಕಾಂ ಕೆಲಸದಲ್ಲಿದ್ದಾರೆ. ಅಕ್ಕತಂಗಿಯರು ವರ್ಷಕ್ಕೊಮ್ಮೆ ಸೇರಿದರೆ ಹೆಚ್ಚು. ಹೋದ ಬೇಸಿಗೆಯಲ್ಲಿ ಅವರ ಮಗ, "ಅಮ್ಮ ನಿಜವಾಗಲೂ ಆಡ್ತಿದ್ಲಾ?" ಎಂದು ನನ್ನನ್ನು ಸ್ವೀಡಿಷಿನಲ್ಲಿ ಕೇಳಿದ. ಚಪಾತಿ ಲಟ್ಟಿಸುತ್ತಿದ್ದ ಚಿಕ್ಕಮ್ಮ, "ಸ್ವಲ್ಪ ದಿನ," ಎಂದರು, ತಲೆ ಎತ್ತದೆ. ನಾನು ಅವನನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ.

"ನಾನು ನೋಡ್ಬೇಕಿತ್ತು," ಎಂದ.

ನಾನೂ ಇನ್ನೊಮ್ಮೆ ನೋಡಬೇಕಿತ್ತು.