ಹಿಂದಕ್ಕೆ ನಡೆಸಿ ಕೊಂಡ ಗಾಡಿ

ಮಂಡಿಯ ಆಪರೇಷನ್ ಆದಮೇಲೆ ನನ್ನ ಯಜಮಾನರು ಸಾರಥಿ ಊರಿನ ಹತ್ತಿರದ ನಮ್ಮ ಗದ್ದೆಗೆ ಹೋಗುವುದೇ ನಿಂತಿತು. ಕಾಲುವೆಗೆ ನೀರು ಬಿಟ್ಟರೆ ಆ ದಾರಿಯೆಲ್ಲ ಎರೆಮಣ್ಣಿನ ಕೆಸರು. ಕಾರು ಹೂತುಕೊಳ್ಳುತ್ತದೆ, ಟ್ರ್ಯಾಕ್ಟರ್ ಹತ್ತಲು ಮಂಡಿ ಮಡಚುವುದಿಲ್ಲ, ಕೆಸರಲ್ಲಿ ಕಾಲಿಡುವುದೇ ಬೇಡವೆಂದು ಡಾಕ್ಟರ ಅಪ್ಪಣೆ. ಆವರಗೆರೆಯ ಮನೆಯಲ್ಲಿ ಕುರ್ಚಿ ಹಿಡಿದ ಮನುಷ್ಯ ಬರಬರುತ್ತ ಮಾತು ಕಡಿಮೆ ಮಾಡಿದರು. ಕೊನೆಗೆ ಬೆಳೆ ಹೇಗಿದೆ ಎಂದು ಕೇಳುವುದನ್ನೂ ಬಿಟ್ಟರು. ನಾನು ಹೆದರಿದ್ದು ಆಗಲೇ.

ಹರಿಹರದಲ್ಲಿ ನಾಲ್ಕೂ ಗಾಲಿ ಎಳೆಯುವ ಹಳೆಯ ಪಿಕಪ್ ಮಾರಾಟಕ್ಕಿದೆಯೆಂದು ತಿಳಿದದ್ದೇ ಅವರನ್ನು ಹೊರಡಿಸಿದೆ. ಮಾರುವವರು ಬಟ್ಟೆ ಅಂಗಡಿಯ ಸಾಹುಕಾರರು. ಶೋಕಿಗೆ ಕೊಂಡಿದ್ದರು, ಟಾರು ರಸ್ತೆಯಿಂದ ಕೆಳಗಿಳಿಸಿದವರಲ್ಲ. ಬಣ್ಣವೇನೋ ಮಿರಮಿರ ಮಿಂಚುತ್ತಿತ್ತು. ನಾನು ಬಗ್ಗಿ ತಳದ ತುಕ್ಕು ಕೆರೆದೆ, ಎಣ್ಣೆ ಸೋರಿದೆಯೇ ಎಂದು ಬೆರಳಿಟ್ಟು ನೋಡಿದೆ. ಯಜಮಾನರು ಎತ್ತಿನ ಸುಳಿ ನೋಡುವವರಂತೆ ಒಂದು ಸುತ್ತು ಬಂದರು, ಡ್ರೈವರ್ ಪಕ್ಕದ ಸೀಟಿನ ಮೇಲೆ ಬೆನ್ನು ಒಳಗೆ ಮಾಡಿ ಕೂತು, ಆಮೇಲೆ ಕಾಲು ಒಳಗೆ ಎಳೆದುಕೊಂಡರು. ಹತ್ತುವುದಂತೂ ಆಯಿತು. ನಾನು ಸ್ಟೇರಿಂಗ್ ಮುಂದೆ ಕೂತೆ.

“ಫೋರ್ ವೀಲ್ ನಡೀತೈತೇನ್ರಿ?” ಎಂದೆ.

“ಲಿವರ್ ಎಳದು ನೋಡ್ರಿ ಅಮ್ಮಾ, ನಾ ಎಂದೂ ಮುಟ್ಟಿಲ್ಲ,” ಎಂದರು ಸಾಹುಕಾರರು.

ಎಳೆದೆ. ಅಂಗಡಿ ಹಿಂದಿನ ಸಿಮೆಂಟ್ ಅಂಗಳದಲ್ಲೇ ಸ್ಟೇರಿಂಗ್ ಪೂರ್ತಿ ತಿರುಗಿಸಿ ಗರಗರ ಸುತ್ತು ಹೊಡೆದೆ. ಗಾಡಿ ಮುಲುಗಿತು, ಜಗ್ಗಿತು, ನಿಂತೇಬಿಟ್ಟಿತು. ಲಿವರ್ ಹಿಂದಕ್ಕೆ ತಳ್ಳಿದರೆ ಕದಲಲಿಲ್ಲ. ಸಾಹುಕಾರರ ಮುಖ ಕಪ್ಪಿಟ್ಟಿತು. ಕೊಳ್ಳುವ ಮೊದಲೇ ಮುರಿದೆನಲ್ಲ ಎಂದು ನನ್ನ ಮೇಲೇ ನನಗೆ ಸಿಟ್ಟು ಬಂತು. ಆ ಸಿಟ್ಟನ್ನು ಪಕ್ಕದಲ್ಲಿದ್ದ ಯಜಮಾನರ ಮೇಲೆ ತೀರಿಸಿಕೊಂಡೆ. “ಬಾಯಾಗೆ ಏನಿಟ್ಕಂಡೀರಿ? ಏನಾರ ಹೇಳ್ರಿ!”

“ಹಿಂದಕ್ಕೆ ನಡೆಸು,” ಎಂದರು.

ಅವರ ಮನೆಯ ಪದ್ಧತಿ ಅದು. ಎತ್ತು ಕೊಳ್ಳುವಾಗ ಮುಂದೆ ನಡೆಸಿ ನೋಡಿದರೆ ಸಾಲದು, ಹಿಂದಕ್ಕೆ ಹೆಜ್ಜೆ ಹಾಕಿಸಬೇಕು. ಕಾಲಿನ ಐಬು ಅಲ್ಲಿ ತಿಳಿಯುತ್ತದಂತೆ. ಇದೇನು ಎತ್ತೇ ಎಂದು ಗೊಣಗುತ್ತಲೇ, ಬಂದ ಜಾಡಿನಲ್ಲೇ ರಿವರ್ಸ್ ಬಿಟ್ಟೆ. ಟಕ್ ಎಂದು ಲಿವರ್ ತಾನಾಗಿ ಸಡಿಲಾಯಿತು.

“ಮುಂದಿನ ಗಾಲಿಗೂ ಜೀವ ಐತೆ ಬಿಡು,” ಎಂದರು ಯಜಮಾನರು, ಎಷ್ಟೋ ದಿನದ ಮೇಲೆ ನಗುತ್ತ. “ಅದಕ್ಕೇ ಹಿಂದಿನವುಕ್ಕೂ ಇವುಕ್ಕೂ ಜಗ್ಗಾಟ ಆತು. ಗಟ್ಟಿ ನೆಲದಾಗೆ ತಿರುಗಿಸಿದ್ರೆ ಹಂಗೇ, ಹಿಂದಕ್ಕೆ ಬಿಟ್ರೆ ಬಿಗಿ ಬಿಡ್ತೈತೆ. ಕೆಸರಾಗಾದ್ರೆ ಜಾರಿ ಹೊಂದಿಕಂತಾವೆ.”

ಇಷ್ಟಾದರೂ ಕಣ್ಣಾರೆ ಕಾಣದೆ ನಂಬುವವಳಲ್ಲ ನಾನು. ಸಾಹುಕಾರರನ್ನು ಹಿಂದಿನ ತೊಟ್ಟಿಯಲ್ಲಿ ನಿಲ್ಲಿಸಿಕೊಂಡೇ ಸಾರಥಿಯ ದಾರಿ ಹಿಡಿದೆ. ಕಾಲುವೆ ಏರಿಯಿಂದ ಇಳಿದು ಕೆಸರಿಗೆ ಬಿಡುವಾಗ ಲಿವರ್ ಮತ್ತೆ ಎಳೆದೆ. ಗಾಡಿ ಸ್ವಲ್ಪ ಜಾರಿತು, ಸೊಟ್ಟಗಾಯಿತು, ಮತ್ತೆ ನೆಟ್ಟಗಾಗಿ ನಿಧಾನಕ್ಕೆ ನಡೆಯಿತು. ಸಾಹುಕಾರರ ಬಿಳಿ ಅಂಗಿ ಮಾತ್ರ ಬಿಳಿಯಾಗಿ ಉಳಿಯಲಿಲ್ಲ.

ನಮ್ಮ ಬದುವಿನ ಪಕ್ಕ ನಿಲ್ಲಿಸಿದೆ. ಯಜಮಾನರು ಕಿಟಕಿಯಿಂದ ಕತ್ತು ಚಾಚಿ ಗದ್ದೆಯ ಉದ್ದಗಲ ಕಣ್ಣಾಡಿಸಿದರು.

“ಈ ಬದು ಕಟ್ಟಿದೋರು ಯಾರು? ನೀರೆಲ್ಲ ಆಚೆ ಗದ್ದೆ ಪಾಲು! ಭತ್ತ ಬೆಳದೀಯೋ, ಹುಲ್ಲು ಬೆಳದೀಯೋ?”

ಬೇರೆ ದಿನವಾಗಿದ್ದರೆ ಒಂದಕ್ಕೆರಡು ಆಡುತ್ತಿದ್ದೆ. ಅಂದು ಎದೆಯ ಮೇಲಿನ ಭಾರವೆಲ್ಲ ಇಳಿದುಹೋಗಿತ್ತು.

“ಇನ್ನೂ ಏನೇನು ತಪ್ಪೈತೆ, ಹೇಳ್ರಿ,” ಎಂದು ಎಂಜಿನ್ ಆಫ್ ಮಾಡಿದೆ.