ಬಾಗಿಲಿಗೆ ಬಂದ ರಸ್ತೆ

ರಸ್ತೆ ಬರುತ್ತದೆಂದು ನಮ್ಮ ಚಾಳಿನವರೆಲ್ಲ ಕುಣಿಯುತ್ತಿದ್ದರು. ನನಗೆ ಮಾತ್ರ ಅದು ಬರುವುದೇ ಬೇಡವಾಗಿತ್ತು. ಅದು ನಮ್ಮ ಬಾಗಿಲು ಮುಟ್ಟಿದ ದಿನ ನಮ್ಮ ಒಲೆ ಆರುತ್ತದೆಂದು ನನಗೆ ಗೊತ್ತಿತ್ತು.

ನಾನು ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದಾಗ ನಮ್ಮನೆಯವರು ಪೇಟೆಯ ಒಂದು ಅರಿವೆ ಅಂಗಡಿಯಲ್ಲಿ ಗುಮಾಸ್ತರು. ಆಮೇಲೆ ವ್ಯಾಪಾರ ಬಿದ್ದುಹೋಯಿತು. ಗಿರಾಕಿಗಳು ಸೀರೆಯ ಬೆಲೆ ಕೇಳಿ ಹೋಗುತ್ತಿದ್ದರು, ಕೊನೆಗೆ ಕೇಳುವುದನ್ನೂ ಬಿಟ್ಟರು. ಸಾಲಿನ ಅಂಗಡಿಗಳು ಒಂದರ ಹಿಂದೆ ಒಂದು ಮುಚ್ಚಿದವು, ಇವರದ್ದೂ ಮುಚ್ಚಿತು. ಅಷ್ಟರಲ್ಲಿ ಸರಕಾರ, ಖಾಲಿ ಕುಳಿತವರ ಕೈಗೆ ಕೆಲಸವಾಗಲಿ ಎಂದು, ಪೇಟೆಯಿಂದ ಬಿಬವೇವಾಡಿಯ ಕಡೆಗೆ ರಸ್ತೆ ಕೆಲಸ ತೆಗೆಯಿತು. ಇವರಿಗೆ ಕನ್ನಡ, ಮರಾಠಿ ಎರಡೂ ಬರುತ್ತಿದ್ದವು. ಕೂಲಿಯವರಿಂದ ಕೆಲಸ ಮಾಡಿಸುವ ಮುಕಾದಮರಾದರು.

"ರಸ್ತಾ ಎಲ್ಲಿಗೆ ಮುಗೀತದರಿ?" ಎಂದು ಕೇಳಿದೆ.

"ನಮ್ಮ ಚಾಳಿನ ಮುಂದಿನ ಬೇವಿನ ಗಿಡಕ್ಕ," ಎಂದು ನಕ್ಕರು. ಆ ನಗು ನನಗೆ ಸೇರಲಿಲ್ಲ; ರಸ್ತೆ ಮುಗಿದ ದಿನ ಇವರ ಕೆಲಸವೂ ಮುಗಿಯುವುದಿತ್ತು.

ನಮ್ಮತ್ತೆಗೆ ಮಾತ್ರ ಹಿಗ್ಗೋ ಹಿಗ್ಗು. ಹಳೆಯ ದಾರಿಯಲ್ಲಿ ಗಾಡಿ ಹತ್ತಿದರೆ ಅವರ ಸೊಂಟ ಮುರಿದುಹೋಗುತ್ತಿತ್ತು. "ನನ್ನ ಮಗಾ ರಸ್ತಾ ಹಾಕಾಕತ್ಯಾನ," ಎಂದು ನಳದ ಹತ್ತಿರ ನಿಂತ ಹೆಂಗಸರಿಗೆಲ್ಲ ಹೇಳಿ ಬರುತ್ತಿದ್ದರು.

ಮೊದಮೊದಲು ಗುದ್ದಲಿಯ ಸದ್ದು ಗಾಳಿ ಈ ಕಡೆ ಬೀಸಿದಾಗ ಮಾತ್ರ ಕೇಳುತ್ತಿತ್ತು. ಹೋಳಿಯ ಹೊತ್ತಿಗೆ ಗಾಳಿ ಇಲ್ಲದಿದ್ದರೂ ಕೇಳತೊಡಗಿತು. ಆಮೇಲೆ ಉಗಿಯ ರೋಲರ್ ಬಂತು. ಅದು ದೂರದಲ್ಲಿ ಉರುಳಿದರೂ ನಮ್ಮ ಕೊಡದ ನೀರು ನಡುಗುತ್ತಿತ್ತು. ರೊಟ್ಟಿ ಬಡಿಯುತ್ತ ಆ ನೀರನ್ನೇ ನೋಡುತ್ತ ಕೂಡುತ್ತಿದ್ದೆ. ಇವರೋ, ಕೂಲಿಯವರನ್ನು ಬೆಳಗಿನಿಂದ ಸಂಜೆಯವರೆಗೆ ಹುರಿದುಂಬಿಸಿ ಕೆಲಸ ಓಡಿಸುವವರು! "ತಾವು ಕುಂತ ಟೊಂಗಿ ತಾವಽ ಕಡೀತೀರಲ್ರಿ, ಸ್ವಲ್ಪ ಸಾವಕಾಶ ಮಾಡಸ್ರಿ," ಎಂದರೆ, "ಸಾವಕಾಶ ಮಾಡಿದ್ರ ನಾಳೆ ನನ್ನ ಜಾಗಾದಾಗ ಮತ್ತೊಬ್ಬ ಇರ್ತಾನ," ಎನ್ನುತ್ತಿದ್ದರು. ಅದೂ ಸುಳ್ಳಲ್ಲ. ಪೇಟೆಯ ಅರ್ಧ ಗುಮಾಸ್ತರು ಆ ರಸ್ತೆಯ ಬದಿಗೆ ಬಂದು ನಿಂತಿರುತ್ತಿದ್ದರು.

ಬೇವಿನ ಗಿಡದ ಬುಡದಲ್ಲಿ ಒಂದು ಹುತ್ತವಿತ್ತು. ಅದನ್ನು ಅಗೆಯದೆ ರಸ್ತೆ ಮುಗಿಯುವಂತಿರಲಿಲ್ಲ. ಶ್ರಾವಣ ಬಂದದ್ದೇ ತಡ, ನಾನು ದಿನಾ ಮಿಂದು ಹುತ್ತಕ್ಕೆ ಅರಿಷಿಣ ಕುಂಕುಮ ಏರಿಸಿ ದೀಪ ಹಚ್ಚತೊಡಗಿದೆ. ಅಲ್ಲಿಯವರೆಗೆ ಸೋಮವಾರ ಒಪ್ಪತ್ತು ಮಾಡೆಂದರೂ ಸಿಡುಕುತ್ತಿದ್ದ ಸೊಸೆ ನಾನು. ನನ್ನನ್ನು ನೋಡಿ ಚಾಳಿನ ಮರಾಠಿ ಹೆಂಗಸರೂ ಬಂದರು. ಪಂಚಮಿಯ ದಿನ ಹಾಲೆರೆಯುವವರ ಸಾಲೇ ನಿಂತಿತು. ಹೌದು, ರಸ್ತೆ ನಿಲ್ಲಲಿ ಎಂದೇ ಮಾಡಿದೆ. ಹೊಟ್ಟೆಗಿಂತ ದೊಡ್ಡ ಭಕ್ತಿ ಯಾವುದಿದೆ?

ರಸ್ತೆ ನಿಂತಿತು. ಹುತ್ತಕ್ಕೆ ಗುದ್ದಲಿ ಹಾಕಲು ಒಬ್ಬ ಕೂಲಿಯವನೂ ಒಪ್ಪಲಿಲ್ಲ. ನಾಗಪ್ಪನ ಮನೆ ಒಡೆದವನ ವಂಶ ಉಳಿಯುವುದಿಲ್ಲ ಎಂದು ಗುಸುಗುಸು ಹರಡಿತು. ಅತ್ತ ಕಡೆ ರೋಲರ್ ಸುಮ್ಮನೆ ನಿಂತಿತ್ತು, ಕೆಲಸದ ಮೇಲಿನ ಸರಕಾರಿ ಓವರ್ಸಿಯರ್ ಸಿಡಿಮಿಡಿಗೊಳ್ಳುತ್ತಿದ್ದ. ಇವರದ್ದು ತಿಂಗಳ ಪಗಾರ, ಕೆಲಸ ನಿಂತರೂ ಬರುತ್ತಿತ್ತು. ಕೊಡದ ನೀರು ನಡುಗದ ಆ ದಿನಗಳಲ್ಲಿ ನಾನು ಹೊಟ್ಟೆತುಂಬ ಉಂಡೆ.

ಒಂದು ಸಂಜೆ ಇವರು ಹಾರೆ ಹಿಡಿದು ಮನೆಗೆ ಬಂದರು. ಮುಕಾದಮರು ಹಾರೆ ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ.

"ಯಾರು ಹುತ್ತಾ ತಗೀತಾರೋ ಅವರಿಗೆ ದೌಂಡ ಊರಾಗಿನ ಕೆಲಸ ಕೊಡ್ತೀನಿ ಅಂದಾನ ಓವರ್ಸಿಯರ್. ಅಲ್ಲಿ ಇನ್ನೊಂದು ರಸ್ತಾ ಅದ ಅಂತ."

ನಾನು ಹಾರೆಗೆ ಕೈಹಾಕಿ ಹಿಡಿದೆ. "ಬ್ಯಾಡ್ರಿ! ನಿಮ್ಮ ಕಾಲಿಗೆ ಬೀಳ್ತೀನಿ, ಬ್ಯಾಡ್ರಿ. ಮಂದಿ ನಮ್ಮನ್ನ ಬಿಡಂಗಿಲ್ಲ."

"ಮಂದಿ ಅನ್ನಾ ಹಾಕ್ತಾರೇನು?"

ಬೆಳಗ್ಗೆ ಇವರು ಹುತ್ತಕ್ಕೆ ಕೈಮುಗಿದು ಹಾರೆ ಎತ್ತಿದರು. ನಾನು ಹಚ್ಚಿದ ಕುಂಕುಮದ ಮೇಲೆಯೇ ಮೊದಲ ಪೆಟ್ಟು ಬಿತ್ತು. ಚಾಳಿನವರು ಬಾಗಿಲಲ್ಲಿ ನಿಂತು ನೋಡಿದರು. ಒಳಗೆ ಹಾವೇ ಇರಲಿಲ್ಲ, ಬರೀ ಗೆದ್ದಲು. ಹಾವು ಹೊರಬಿದ್ದಿದ್ದರೆ ಒಳ್ಳೆಯದಿತ್ತು, ಜನ ಅದನ್ನಾದರೂ ನೋಡುತ್ತಿದ್ದರು. ಈಗ ಎಲ್ಲರೂ ಇವರನ್ನೇ ನೋಡಿದರು.

ಅಂದಿನಿಂದ ನಮ್ಮನ್ನು ಅರಿಷಿಣ ಕುಂಕುಮಕ್ಕೆ ಕರೆಯುವುದು ನಿಂತಿತು. ನಳದ ಹತ್ತಿರ ನಾನು ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ರೋಲರ್ ಬಾಗಿಲ ಮುಂದೆಯೇ ಉರುಳಿ ಕೊಡದ ನೀರು ತುಳುಕಿ ಚೆಲ್ಲಿತು, ಆಮೇಲೆ ಅದೂ ಹೊರಟುಹೋಯಿತು. ಸದ್ದಿಗೆ ಹೆದರುತ್ತಿದ್ದ ನನಗೆ ಆ ಸದ್ದಿಲ್ಲದ ಮಧ್ಯಾಹ್ನಗಳು ಇನ್ನೂ ಭಯಂಕರವಾದವು.

ಇವರು ಓವರ್ಸಿಯರನ ಕಚೇರಿಗೆ ಅಲೆದರು. ಕೊನೆಗೆ ಅವನು ಮುಖ ಎತ್ತದೆ ಮರಾಠಿಯಲ್ಲಿ ಹೇಳಿದನಂತೆ: ದೌಂಡದ ರಸ್ತೆಗೆ ಮಂಜೂರಿ ಬಂದಿಲ್ಲ, ಬರುವ ಹಾಗೂ ಇಲ್ಲ.

ಬಾಡಿಗೆ ಕೊಡಲಾಗದೆ ಧಾರವಾಡಕ್ಕೆ ಹೊರಟೆವು. ಪಾತ್ರೆ, ಹಾಸಿಗೆ ಎಲ್ಲವನ್ನೂ ಸ್ಟೇಷನ್ನಿಗೆ ಹೊರಟ ಎತ್ತಿನ ಗಾಡಿ ಒಂದಕ್ಕೇ ಏರಿಸಿದೆವು. ಕಳಿಸಲು ಯಾರೂ ಬಾಗಿಲಿಗೆ ಬರಲಿಲ್ಲ. ಗಾಡಿ ಬೇವಿನ ಗಿಡ ದಾಟಿ ಹೊಸ ರಸ್ತೆ ಹಿಡಿಯಿತು. ಇವರು ಹಿಂದೆ ನಡೆದು ಬರುತ್ತಿದ್ದರು, ತಲೆ ಎತ್ತಿರಲಿಲ್ಲ. ಅತ್ತೆ ಗಂಟಿಗೆ ಒರಗಿ ಕೂತವರು ಮಗನ ಕಡೆ ತಿರುಗಿದರು.

"ರಸ್ತಾ ಭಾಳ ಚಲೋ ಮಾಡೀಯಪ್ಪಾ," ಎಂದರು. "ಒಂದೀಟೂ ಕುಲುಕಂಗಿಲ್ಲ ನೋಡು."