ನಿಂಬೆಯ ಹುಳಿ ಅಳೆದವರು ಯಾರು?

ಬಿ.ಎಸ್‌ಸಿ. ಮುಗಿಸಿ ಮುಂದೇನು ಎಂಬ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನ್ನ ಅರ್ಧ ತಲೆ ಬೆಳ್ಳಗಾಗಿದೆ. ಉಳಿದರ್ಧಕ್ಕೆ ವಯಸ್ಸು ಕಾರಣ. ಇಂಡಿ ಪಟ್ಟಣದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನನ್ನನ್ನು ಮದುವೆಯ ಪಂಕ್ತಿಯಲ್ಲೂ ಯಾರಾದರೂ ಹಿಡಿದು ಕೇಳುತ್ತಾರೆ. ಸಿಂದಗಿಯಾಗಲಿ, ಮುದ್ದೇಬಿಹಾಳವಾಗಲಿ, ನಮ್ಮ ಕಡೆ ವಿಜ್ಞಾನ ಪದವಿಗೆ ಎರಡೇ ದಾರಿ: ಬಿ.ಎಡ್., ಇಲ್ಲವೇ ಪಿ.ಎಸ್.ಐ. ಪರೀಕ್ಷೆ. ನಾನು ಬೇಸಿಗೆ ರಜೆಯ ಸಂಶೋಧನಾ ತರಬೇತಿ, ವಿದ್ಯಾರ್ಥಿವೇತನ, ಆಹಾರ ಪರೀಕ್ಷಾ ಪ್ರಯೋಗಾಲಯ ಎಂದು ಶುರು ಮಾಡುವಷ್ಟರಲ್ಲಿ ಕೇಳಿದವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿರುತ್ತಾರೆ.

ಅಂಥ ತರಬೇತಿಯೊಂದಕ್ಕೆ ಕಳೆದ ವರ್ಷ ನಮ್ಮ ವಿದ್ಯಾರ್ಥಿನಿ ರೇಣುಕಾ ತಾನು ಮಾಡಿದ ಪ್ರಯೋಗವೊಂದರ ವರದಿ ಜೋಡಿಸಿ ಅರ್ಜಿ ಹಾಕಿದಳು. ಸಾಲೋಟಗಿಯ ಹುಡುಗಿ, ಮನೆಯಲ್ಲಿ ನಿಂಬೆ ತೋಟ. ಅವರದು ಬೋರಿನ ನೀರು. ಮುಳವಾಡದ ಸೋದರಮಾವನ ತೋಟಕ್ಕೆ ಕಾಲುವೆ ನೀರು. ನೀರು ಬೇರೆಯಾದರೆ ಹಣ್ಣಿನ ಹುಳಿಯೂ ಬೇರೆಯಾಗುತ್ತದೆಯೇ ಎಂಬುದು ಅವಳಿಗೇ ಹೊಳೆದ ಪ್ರಶ್ನೆ. ಎರಡೂ ಕಡೆಯ ಹಣ್ಣು ತಂದು, ರಸಕ್ಕೆ ಕ್ಷಾರದ ಹನಿ ಬಿಟ್ಟು ಹುಳಿ ಅಳೆದಳು. ಒಂದು ಕಡೆಯವು ಎಳಸು, ಇನ್ನೊಂದು ಕಡೆಯವು ಬಲಿತವು ಎಂದು ಆಮೇಲೆ ತಾನೇ ಪತ್ತೆಹಚ್ಚಿ, ಎಲ್ಲವನ್ನೂ ಮೊದಲಿನಿಂದ ಮಾಡಿದಳು. ಮಿಕ್ಕ ಹಣ್ಣು ಸ್ಟಾಫ್‌ರೂಮಿನಲ್ಲಿ ಶರಬತ್ತಾಗುತ್ತಿತ್ತು. ಅದನ್ನು ಕುಡಿದದ್ದೇ ಈ ಸಂಶೋಧನೆಗೆ ನನ್ನ ಮುಖ್ಯ ಕೊಡುಗೆ.

ಸಾಲೋಟಗಿ ಅಂದರೆ ಸಾಮಾನ್ಯ ಊರಲ್ಲ. ಸಾವಿರ ವರ್ಷದ ಹಿಂದೆ ಅಲ್ಲೊಂದು ವಿದ್ಯಾಶಾಲೆಯಿತ್ತು. ದೂರದ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು, ಅವರ ವಸತಿಗೂ ದೀಪಕ್ಕೂ ಭೂಮಿ ಬಿಟ್ಟಿದ್ದರು ಎಂದು ಅಲ್ಲಿಯ ಶಾಸನ ಹೇಳುತ್ತದೆ. ಅಂಥ ಊರಿನವಳು ಕಲಿಯಲು ಎರಡು ತಿಂಗಳು ಪರಸ್ಥಳಕ್ಕೆ ಹೋಗುವುದು ಹಳೆಯ ಲೆಕ್ಕ ಚುಕ್ತಾ ಮಾಡಿದಂತೆ ಎಂದು ನಾನು ಅವಳ ಅಪ್ಪನನ್ನು ಒಪ್ಪಿಸಿದೆ. ಆದರೆ ಶಾಸನ ತೋರಿಸಿದರೆ ಸೀಟು ಕೊಡುವುದಿಲ್ಲವಲ್ಲ, ಸಂದರ್ಶನ ಎದುರಿಸಬೇಕು.

ಸಂದರ್ಶನ ಕಾಲೇಜಿನ ಕಂಪ್ಯೂಟರಿನಲ್ಲಿ. ಅವಳಿಗೆ ಧೈರ್ಯವಿರಲೆಂದು ನಾನು ಕ್ಯಾಮೆರಾಕ್ಕೆ ಕಾಣದಂತೆ ಬಾಗಿಲ ಬಳಿ ಕೂತೆ. ಪುಣ್ಯಕ್ಕೆ, ಪ್ರಶ್ನೆ ಕೇಳುವವರಲ್ಲಿ ಒಬ್ಬ ಮೇಡಂ ಕನ್ನಡದವರು. ಈ ವಿಷಯ ಯಾರಿಗೆ ಹೊಳೆಯಿತು ಎಂದರು.

"ನಮ್ಮ ಸರ್ ಹೇಳಿಕೊಟ್ಟಾರ್ರಿ" ಎಂದಳು ರೇಣುಕಾ.

ಅಳೆಯುವ ಕ್ರಮ ಗೊತ್ತುಮಾಡಿದ್ದು? ಅದೂ ಸರ್. ತಪ್ಪು ಹಿಡಿದದ್ದು? ಅದೂ ನಾನೇ ಅಂತೆ. ನಾವು ಮಕ್ಕಳನ್ನು ಬೆಳೆಸುವುದೇ ಹೀಗೆ. ಹಿರಿಯರೆದುರು ನಾನು ಮಾಡಿದೆ ಎಂದರೆ ಸೊಕ್ಕು. ಒಳ್ಳೆಯದೆಲ್ಲ ಗುರುಗಳ ಪಾಲು. ಮೇಡಂ ಪೆನ್ನು ಕೆಳಗಿಟ್ಟರು. ಏನೂ ಮಾಡದ ಹುಡುಗಿಗೆ ಅವರಾದರೂ ಸೀಟು ಯಾಕೆ ಕೊಟ್ಟಾರು? ಅವಳ ವಿನಯವೇ ಅವಳ ಸೀಟು ನುಂಗುತ್ತಿತ್ತು.

ನನಗೆ ತಡೆಯಲಾಗಲಿಲ್ಲ. ಕ್ಯಾಮೆರಾದ ಮುಂದೆ ತಲೆ ತೂರಿಸಿದೆ. "ಮೇಡಂ, ಅಕಿ ಸುಳ್ಳ ಹೇಳಾಕತ್ತಾಳ್ರಿ. ನಾ ಏನೂ ಮಾಡಿಲ್ರಿ. ಲ್ಯಾಬಿನ ಕೀಲಿ ತಗದೇನಿ, ಶರಬತ್ ಕುಡದೇನಿ, ಅಷ್ಟರಿ."

ಮೇಡಂ ನಕ್ಕರು. ಹಾಗಾದರೆ ತಪ್ಪು ಎಲ್ಲಿತ್ತು, ನೀನೇ ಹೇಳಮ್ಮಾ ಎಂದರು. ರೇಣುಕಾ ನನ್ನ ಮುಖ ನೋಡಿದಳು. ನಾನಿದ್ದರೆ ಇವಳು ಬಾಯಿ ಬಿಡುವುದಿಲ್ಲವೆಂದು ಹೊರಗೆ ಹೋಗಿ ಬಾಗಿಲು ಮುಂದೆ ಮಾಡಿದೆ. ಸ್ವಲ್ಪ ಹೊತ್ತಿಗೆ ಅವಳ ದನಿ ಕೇಳಿಸಿತು. ಆಮೇಲೆ ಅದು ನಿಲ್ಲಲೇ ಇಲ್ಲ.

ಸೀಟು ಸಿಕ್ಕಿತು. ತರಬೇತಿ ಮುಗಿಸಿ ಬಂದವಳನ್ನು ಕಿರಿಯರಿಗೆ ಅನುಭವ ಹೇಳಲು ವೇದಿಕೆಗೆ ಹತ್ತಿಸಿದೆವು. ಬಸವನ ಬಾಗೇವಾಡಿಯ ಕಾಲೇಜಿನವರೂ ಬಂದಿದ್ದರು. ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತೆ. ಹೆಸರು ಬಂದಾಗ ಅರ್ಧ ಎದ್ದು ಕೈಮುಗಿಯಬೇಕಲ್ಲ!

"ಈ ಪ್ರಶ್ನೆ ನನಗ ಹೊಳೀತು" ಎಂದು ಶುರು ಮಾಡಿದಳು. "ನಾನ ಅಳದೇನಿ. ತಪ್ಪಿದಾಕಿನೂ ನಾನ, ತಿದ್ದಿದಾಕಿನೂ ನಾನ."

ತುಂಬಾ ಹೊತ್ತು ಮಾತಾಡಿದಳು. ನನ್ನ ಹೆಸರು ಒಮ್ಮೆಯೂ ಬರಲಿಲ್ಲ. ಇಷ್ಟು ವರ್ಷದ ಮೇಷ್ಟ್ರಗಿರಿಯಲ್ಲಿ ನನಗೆ ಇಷ್ಟು ದೊಡ್ಡ ಸನ್ಮಾನ ಯಾರೂ ಮಾಡಿರಲಿಲ್ಲ.